ಪದಚರ್ಚೆ: ಲ್ಯಾಪರೊಸ್ಕೋಪಿ ಕಲಿಸುವ ಪೆಟ್ಟಿಗೆಗೆ ‘ಅಣಕು’ ಎನ್ನಬಹುದೇ?

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಸರ್ಜರಿ ವಿದ್ಯಾರ್ಥಿಗಳಿಗೂ ಆಪರೇಷನ್ ಥಿಯೇಟರ್ ತಂತ್ರಜ್ಞರಿಗೂ ಒಂದು ಕನ್ನಡ ಕೈಪಿಡಿ ಸಿದ್ಧವಾಗುತ್ತಿದೆ. ಪ್ಲಾಸ್ಟಿಕ್ ಡಬ್ಬ, ಮೊಬೈಲ್ ಕ್ಯಾಮೆರಾ, ಬಳಸಿ ಬಿಟ್ಟ ಉಪಕರಣಗಳಿಂದ ಕಡಿಮೆ ಖರ್ಚಿನಲ್ಲಿ ಅಭ್ಯಾಸದ ಪೆಟ್ಟಿಗೆ ಮಾಡಿಕೊಳ್ಳುವ ಬಗೆ ಅದರಲ್ಲಿದೆ. ಕರಡಿನಲ್ಲಿ ಸಿಮ್ಯುಲೇಷನ್‌ಗೆ ‘ಅಣಕು ಶಸ್ತ್ರಚಿಕಿತ್ಸೆ’, ಸಣ್ಣ ತೂತುಗಳಿಂದ ಕ್ಯಾಮೆರಾ, ಉಪಕರಣ ಹೊಟ್ಟೆಯೊಳಗೆ ತೂರಿಸಿ ಮಾಡುವ ಲ್ಯಾಪರೊಸ್ಕೋಪಿಗೆ ‘ಉದರದರ್ಶನ’, ಫಲ್ಕ್ರಮ್‌ಗೆ ‘ಆಧಾರಬಿಂದು’, ನೀಡಲ್ ಹೋಲ್ಡರ್‌ಗೆ ‘ಸೂಜಿ ಹಿಡಿಕೆ’, ಕಟ್ಟಲು ಬಳಸುವ ಲೂಪ್‌ಗೆ ‘ಕುಣಿಕೆ’ ಎಂದು ಹಾಕಿದೆ. ಕ್ಯಾಮೆರಾ ಪುಟದಲ್ಲಿ, ಕೈಗೆ ಉಲ್ಟಾ ಆಗಿ ತುದಿ ಓಡುವುದನ್ನು ‘ಕನ್ನಡಿ ಬಿಂಬ’ ಎಂದಿದೆ. ಯಾವುದು ನಿಲ್ಲುತ್ತದೆ, ಯಾವುದು ಬಿದ್ದುಹೋಗುತ್ತದೆ ತಿಳಿಸಿ.

ಉತ್ತರ 1:

ಮೇಡಂ, ‘ಅಣಕು’ ಬೇಡ. ಅಗ್ನಿಶಾಮಕ ದಳದ ಅಣಕು ಕಾರ್ಯಾಚರಣೆಯಲ್ಲಿ ಕಟ್ಟಡ ನಿಜ, ಏಣಿ ನಿಜ, ಬೆಂಕಿಯೊಂದೇ ಸುಳ್ಳು. ಅಲ್ಲಿ ಕಲಿಯುವುದು ಯಾರು ಮೊದಲು, ಯಾರು ಆಮೇಲೆ ಎಂಬ ಕ್ರಮವನ್ನು. ಈ ಪೆಟ್ಟಿಗೆಯಲ್ಲಿ ಹೊಟ್ಟೆಯನ್ನು ಹೋಲುವಂಥದ್ದು ಏನೂ ಇಲ್ಲ. ಲ್ಯಾಪರೊಸ್ಕೋಪಿಯ ಮೂಲ ಕೌಶಲ ಅಳೆಯುವ ಎಫ್‌ಎಲ್‌ಎಸ್ ಪರೀಕ್ಷೆಯ ಮೊದಲ ಕೆಲಸವನ್ನೇ ನೋಡಿ: 6 ರಬ್ಬರ್ ತುಂಡುಗಳನ್ನು ಒಂದು ಬದಿಯ ಗೂಟಗಳಿಂದ ಎತ್ತಿ, ಗಾಳಿಯಲ್ಲೇ ಇನ್ನೊಂದು ಕೈಗೆ ದಾಟಿಸಿ, ಆಚೆ ಬದಿಯ ಗೂಟಗಳಿಗೆ ಹಾಕಬೇಕು, ಮತ್ತೆ ಅದೇ ರೀತಿ ವಾಪಸ್. ಎಲ್ಲವೂ 300 ಸೆಕೆಂಡಿನೊಳಗೆ. ಇದು ಯಾವ ಆಪರೇಷನ್ನಿನ ಅಣಕ? ನಿಜದಿಂದ ಇಲ್ಲಿಗೆ ಬಂದಿರುವುದು ಮೂರು ತೊಡಕುಗಳು ಮಾತ್ರ: ಆಳ ಕಾಣಿಸದ ಪರದೆ, ಉದ್ದ ಕೋಲಿನಂಥ ಉಪಕರಣದ ತುದಿಯಲ್ಲಿ ಮಂಕಾಗುವ ಸ್ಪರ್ಶ, ಕೈ ಎಡಕ್ಕೆ ಹೋದರೆ ತುದಿ ಬಲಕ್ಕೆ ಓಡುವ ಉಲ್ಟಾ ಲೆಕ್ಕ. ಈ ಮೂರಕ್ಕೂ ಕೈ ಪಳಗಬೇಕು. ‘ಕೈ ಪಳಗುವುದು’ ಎಂಬ ಮಾತು ನಮ್ಮಲ್ಲಿ ಇದ್ದೇ ಇದೆ. ‘ಕೈಪಳಗಿನ ಪೆಟ್ಟಿಗೆ’ ಎನ್ನಿ. ‘ಗರಡಿಪೆಟ್ಟಿಗೆ’ ಇನ್ನೂ ಚೆನ್ನ, ಆದರೆ ವಿಭಾಗದ ಮುಖ್ಯಸ್ಥರು ಒಪ್ಪಲಿಕ್ಕಿಲ್ಲ.

‘ಆಧಾರಬಿಂದು’ ತಪ್ಪಲ್ಲ. ಆದರೂ ‘ಆನಿಕೆ’ ಎಂದರೆ ಕೋಲು ಯಾವುದಕ್ಕೆ ಆನಿಕೊಂಡಿದೆ ಎಂದು ಕಣ್ಣಿಗೆ ಕಟ್ಟುತ್ತದೆ. ಪೆಟ್ಟಿಗೆ ಮಾಡುವವರು ಎಡವುವುದೂ ಅಲ್ಲೇ. ಮುಚ್ಚಳದಲ್ಲಿ ಬರಿ ತೂತು ಕೊರೆದು ಬಿಟ್ಟರೆ 5 ಮಿ.ಮೀ. ಉಪಕರಣ ಅತ್ತಿತ್ತ ಜಾರುತ್ತದೆ. ಆನಿಕೆ ನಿಲ್ಲದಿದ್ದರೆ ಉಲ್ಟಾ ಲೆಕ್ಕ ಕೆಡುತ್ತದೆ, ಕಲಿಯಬೇಕಾದ ಪಾಠವೇ ತಪ್ಪಿಹೋಗುತ್ತದೆ. ತೂತಿನ ಮೇಲೆ ಸೈಕಲ್ ಟ್ಯೂಬಿನ ತುಂಡು ಅಂಟಿಸಿ ನಡುವೆ ಅಡ್ಡ–ಉದ್ದ ಸೀಳಿದರೆ ಕೋಲು ಬಿಗಿಯಾಗಿ ಕೂರುತ್ತದೆ. ಎರಡು ತೂತುಗಳ ನಡುವೆ 12ರಿಂದ 15 ಸೆಂ.ಮೀ. ಅಂತರವಿರಲಿ; ಒಳಗೆ ಎರಡು ತುದಿಗಳು ಸುಮಾರು 60 ಡಿಗ್ರಿ ಕೋನದಲ್ಲಿ ಸೇರುವಂತಿದ್ದರೆ ಕೈ ಸಲೀಸು. ಕೋನ ತೀರಾ ಕಿರಿದಾದರೆ ಉಪಕರಣಗಳು ಕತ್ತಿ ವರಸೆಗೆ ಇಳಿಯುತ್ತವೆ. ಕೋಲು ಅರ್ಧ ಒಳಗೆ, ಅರ್ಧ ಹೊರಗೆ ಇರುವಷ್ಟು ಡಬ್ಬ ಎತ್ತರವಿರಬೇಕು. ಡಬ್ಬ ಗಿಡ್ಡವಾದರೆ ಕೋಲಿನ ಹೆಚ್ಚು ಪಾಲು ಹೊರಗುಳಿದು, ಕಲಿಯುವವರು ಭುಜ ಎತ್ತಿಕೊಂಡು ಕಾಲು ಗಂಟೆಗೇ ಸೋಲುತ್ತಾರೆ. ತಪ್ಪು ಡಬ್ಬದ್ದು, ಬೈಗುಳ ವಿದ್ಯಾರ್ಥಿಗೆ.

ಇನ್ನು ‘ಉದರದರ್ಶನ’. ಇದರಲ್ಲಿ ಒಂದು ತಮಾಷೆಯಿದೆ. ಗ್ರೀಕಿನ ‘ಲಪರಾ’ ಎಂದರೆ ಪಕ್ಕೆ ಮತ್ತು ಸೊಂಟದ ನಡುವಿನ ಮೆತ್ತನೆ ಜಾಗ. ಉದರಕ್ಕೆ ಅಲ್ಲಿ ‘ಕೊಯ್ಲಿಯ’ ಎಂಬ ಬೇರೆ ಮಾತಿದೆ. 1901ರಲ್ಲಿ ನಾಯಿಯ ಹೊಟ್ಟೆಯೊಳಗೆ ಕೊಳವೆ ತೂರಿಸಿ ನೋಡಿದ ಜರ್ಮನಿಯ ಗಿಯೋರ್ಗ್ ಕೆಲ್ಲಿಂಗ್ ಅದನ್ನು ‘ಕೊಯ್ಲಿಯೋಸ್ಕೋಪಿ’ ಎಂದೇ ಕರೆದ. ಫ್ರೆಂಚರು ಇಂದಿಗೂ ‘ಸೀಲಿಯೋಸ್ಕೋಪಿ’ ಎನ್ನುತ್ತಾರೆ. ‘ಲಪರಾ’ ಬಂದದ್ದು 1910ರಲ್ಲಿ ಸ್ವೀಡನ್ನಿನ ಯಾಕೋಬಿಯಸ್ ಜತೆ. ಹಾಗಾಗಿ ನಿಮ್ಮ ‘ಉದರದರ್ಶನ’ ಕೆಲ್ಲಿಂಗ್‌ನ ಮಾತಿಗೆ ಸರಿಯಾಗಿ ಹೊಂದುತ್ತದೆ. ಆದರೂ ಜನ ಹೇಳುವುದು ‘ಲ್ಯಾಪ್ರೋಸ್ಕೋಪಿ’ ಎಂದೇ, ಅದನ್ನೇ ಇಡಿ. ಯಾರಾದರೂ ‘ಉದರದರ್ಶಿನಿ’ ಎಂದು ತಿದ್ದಿದರೆ ಬೆಂಗಳೂರಿನವರು ಎರಡು ಇಡ್ಲಿ, ಒಂದು ವಡೆ ಕೇಳಿಯಾರು.

ಉತ್ತರ 2:

ಮೇಲಿನವರು ಗಂಟುಗಳನ್ನು ಮುಟ್ಟಲಿಲ್ಲ. ‘ಸೂಜಿ ಹಿಡಿಕೆ’ ಗೊಂದಲ ಮಾಡುತ್ತದೆ. ‘ಹಿಡಿಕೆಯನ್ನು ಸಡಿಲಿಸಿ’ ಎಂದು ಬರೆದರೆ ಇಡೀ ಉಪಕರಣವೋ, ಬೆರಳಿಡುವ ಭಾಗವೋ? ‘ಸೂಜಿ ಇಕ್ಕಳ’ ಎನ್ನಿ. ಹಿಡಿಕೆ ಹಿಡಿಕೆಯಾಗಿಯೇ ಉಳಿಯುತ್ತದೆ.

ಬರಿ ‘ಕುಣಿಕೆ’ಯೂ ಸಾಲದು. ಆ ಲೂಪಿನಲ್ಲಿ ಗಂಟು ಮೊದಲೇ ಹಾಕಿರುತ್ತದೆ, ದಾರ ಎಳೆದಂತೆ ಜಾರಿ ಬಿಗಿಯುತ್ತದೆ. ನಮ್ಮ ಹಳ್ಳಿಗಳ ‘ಜೀರುಗುಣಿಕೆ’ ಅದೇ. ಈ ಪದ ಇಟ್ಟರೆ ಇನ್ನೊಂದು ಲಾಭ: ಒಳಗೇ ಗಂಟು ಹಾಕುವ ಅಭ್ಯಾಸದಲ್ಲಿ ಆಗುವ ತಪ್ಪಿಗೂ ಹೆಸರು ಸಿಗುತ್ತದೆ. ಅಲ್ಲಿ 15 ಸೆಂ.ಮೀ. ದಾರ ಸಾಕು. ಉದ್ದವಾದರೆ ಬಾಲ ಪರದೆಯಾಚೆ ಹೋಗಿ ಸಿಗುವುದೇ ಇಲ್ಲ, ಗಿಡ್ಡವಾದರೆ ಇಕ್ಕಳಕ್ಕೆ ಸುತ್ತಲು ಬರುವುದಿಲ್ಲ. ಮೊದಲು ಎರಡು ಸುತ್ತು, ಆಮೇಲೆ ಒಂದೊಂದರಂತೆ ಎರಡು ಸಲ, ಪ್ರತಿ ಸಲವೂ ದಿಕ್ಕು ಬದಲಿಸಿ. ದಿಕ್ಕು ಬದಲಿಸಲು ಮರೆತರೆ, ಅಥವಾ ಒಂದೇ ಎಳೆಯನ್ನು ಜಗ್ಗಿದರೆ, ಕೂರಬೇಕಾದ ಗಂಟು ಜೀರುಗುಣಿಕೆಯಾಗಿ ಬಿಚ್ಚಿಕೊಳ್ಳುತ್ತದೆ. ಬಿಚ್ಚದ ಗಂಟಿಗೆ ‘ಕಗ್ಗಂಟು’ ಎಂದು ಬರೆಯಬೇಡಿ, ಓದುವವರು ಸಿಕ್ಕು ಎಂದೇ ತಿಳಿಯುತ್ತಾರೆ. ‘ಬಿಗಿಗಂಟು’ ಸಾಕು.

ಕ್ಯಾಮೆರಾ ಪುಟಕ್ಕೆ ಒಂದು ತಿದ್ದುಪಡಿ. ‘ಕನ್ನಡಿ ಬಿಂಬ’ ಎಂಬ ಮಾತನ್ನು ಉಲ್ಟಾ ಲೆಕ್ಕಕ್ಕೆ ಬಳಸಬೇಡಿ. ಮೊಬೈಲಿನ ಸೆಲ್ಫಿ ಕ್ಯಾಮೆರಾ ಎಡ–ಬಲವನ್ನು ನಿಜವಾಗಿಯೂ ಕನ್ನಡಿಯಂತೆ ತಿರುಗಿಸಿ ತೋರಿಸುತ್ತದೆ. ಅದು ಆನಿಕೆಯ ಉಲ್ಟಾವನ್ನು ಅಳಿಸಿಬಿಡುತ್ತದೆ. ಕೆಲಸ ಸುಲಭ ಅನ್ನಿಸುತ್ತದೆ, ಕಲಿತದ್ದು ಥಿಯೇಟರಿನಲ್ಲಿ ತಿರುಗುಬಾಣ. ಹಿಂದಿನ ಕ್ಯಾಮೆರಾವನ್ನೇ ಬಳಸಿ, ಫೋಕಸ್ ಲಾಕ್ ಮಾಡಿ, ಟಿವಿಗೆ ಜೋಡಿಸುವುದಾದರೆ ವೈಫೈ ಬೇಡ, ಕೇಬಲ್ ಹಾಕಿ. ವೈಫೈಯಲ್ಲಿ ಚಿತ್ರ ತಡವಾಗಿ ಬರುವುದರಿಂದ ತುದಿ ಗುರಿ ದಾಟಿಹೋದ ಮೇಲೆ ಕಣ್ಣಿಗೆ ಕಾಣುತ್ತದೆ. ಕೇಬಲ್, ಎಲ್‌ಇಡಿ ಪಟ್ಟಿ ಎರಡೂ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ.

ಕೇಳಿದವರಿಂದ:

ಇಬ್ಬರಿಗೂ ವಂದನೆ ಸರ್. ಆನಿಕೆ, ಸೂಜಿ ಇಕ್ಕಳ, ಜೀರುಗುಣಿಕೆ, ಬಿಗಿಗಂಟು, ಕೈಪಳಗಿನ ಪೆಟ್ಟಿಗೆ — ಐದೂ ಕರಡಿಗೆ ಸೇರಿದವು. ಹೊಟ್ಟೆಯೊಳಗೆ ಉಪಕರಣ ಇಳಿಸಲು ತೂರಿಸುವ ಕೊಳವೆ, ‘ಟ್ರೋಕಾರ್’, ಒಂದು ಉಳಿಯಿತು. ‘ತೂರುನಳಿಗೆ’ ಎನ್ನಬಹುದೇ?

ಉತ್ತರ 1:

ಅರ್ಥ ವಿವರಿಸುವಾಗ ಒಮ್ಮೆ ಬರೆಯಿರಿ, ಚೆನ್ನಾಗಿದೆ. ಆಮೇಲೆ ‘ಟ್ರೋಕಾರ್’ ಎಂದೇ ಇರಲಿ. ಥಿಯೇಟರಿನಲ್ಲಿ ಕೈ ಚಾಚಿ ಕೇಳುವ ಹೆಸರು ಅದು; ಸಿಸ್ಟರ್ ‘ತೂರುನಳಿಗೆ ಅಂದ್ರೆ ಯಾವ್ದು ಸಾರ್?’ ಎಂದು ನಿಲ್ಲುವಂತಾಗಬಾರದು.