ಪದಚರ್ಚೆ: ವೊಡೂ ಗುಡಿಯ ಜನರನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು?

ಬಳಗದ ಹಿರಿಯರಿಗೆ ನಮಸ್ಕಾರ.

ಹೈಟಿಯ ರಾಜಧಾನಿ ಪೋರ್ಟ್-ಒ-ಪ್ರಿನ್ಸ್‌ನ ವೊಡೂ ಎಂಬ, ಆಫ್ರಿಕಾ ಮೂಲದ ಧರ್ಮದ ಗುಡಿಯೊಂದರ ಛಾಯಾಚಿತ್ರ ಪ್ರದರ್ಶನಕ್ಕೆ ಕನ್ನಡ ಫಲಕಗಳನ್ನು ಬರೆದುಕೊಡುತ್ತಿದ್ದೇನೆ. ಸೋಮವಾರ ಅವು ಅಚ್ಚಿಗೆ ಹೋಗಬೇಕಾಗಿರುವುದರಿಂದ ಉತ್ತರ ಬೇಗ ಬೇಕಾಗಿದೆ. ಅಲ್ಲಿ ಗುಡಿಯ ಕೂಟಕ್ಕೆ ಕ್ರಿಯೋಲ್ ನುಡಿಯಲ್ಲಿ ‘ಸೊಸಿಯೆತೆ’ ಎನ್ನುತ್ತಾರೆ. ಮುಖ್ಯ ಚಿತ್ರದಲ್ಲಿ ‘ಪೊತೊ ಮಿತಾನ್’ ಎಂಬ ನಡುಗಂಬವಿದೆ. ಅದರ ಬಳಿ, ಮಣಿ ಪೋಣಿಸಿದ ಸೋರೆಬುರುಡೆಯ ಗಿಲಕಿ ಹಿಡಿದು ‘ಮಾಂಬೊ’, ಅಂದರೆ ಪೂಜಾರಿಣಿ, ನಿಂತಿದ್ದಾರೆ. ಕತ್ತಿ ಹಿಡಿದು ವಿಧಿ ನಡೆಸುವ ‘ಲಾಪ್ಲಾಸ್’, ಅವನ ಎಡಬಲಕ್ಕೆ ಚಮಕಿ ಹೊಲಿದ ಬಾವುಟ ಹೊತ್ತ ಇಬ್ಬರು, ದೀಕ್ಷೆಯ ಹಾದಿಯಲ್ಲಿರುವ, ಬಿಳಿ ಉಡುಪಿನ ‘ಉನ್ಸಿ’ಗಳು, ಹಾಡು ಎತ್ತಿಕೊಡುವವರು, ಮೂವರು ಡೋಲಿನವರು ಇದ್ದಾರೆ. ಗೋಡೆಯ ಪಕ್ಕದ ಬೆಂಚುಗಳ ಮೇಲೆ ನೆರೆಹೊರೆಯವರು, ಉನ್ಸಿಗಳ ನೆಂಟರು, ಅಮೆರಿಕದ ಬ್ರೂಕ್ಲಿನ್‌ನಿಂದ ಹರಕೆ ತೀರಿಸಲು ಬಂದವರು ಕುಳಿತಿದ್ದಾರೆ. ಇವರಲ್ಲಿ ಹೆಚ್ಚಿನವರು ಭಾನುವಾರ ಕ್ಯಾಥೊಲಿಕ್ ಇಗರ್ಜಿಗೂ ಹೋಗುವವರೇ.

ಇಂಗ್ಲಿಷ್ ಮೂಲವು ಇವರೆಲ್ಲರನ್ನೂ ಒಂದೇ ಪದದಲ್ಲಿ ಮುಗಿಸಿದೆ. ‘ಸದಸ್ಯರು’ ಎಂದರೆ ಸಹಕಾರ ಸಂಘದ ಯಾದಿಯನ್ನು ಓದಿದಂತಾಗುತ್ತದೆ. ‘ಭಕ್ತರು’ ಎಂದರೆ ಕತ್ತಿ ಹಿಡಿದವನಿಗೂ ಬೆಂಚಿನ ಮೇಲೆ ಕುಳಿತವನಿಗೂ ವ್ಯತ್ಯಾಸ ಉಳಿಯುವುದಿಲ್ಲ. ‘ಉನ್ಸಿ’ಗೂ ಕನ್ನಡದ ಪದವಿದ್ದರೆ ದಯವಿಟ್ಟು ತಿಳಿಸಿ.

ಮೊದಲ ಉತ್ತರ

‘ಸದಸ್ಯ’, ‘ಭಕ್ತ’, ‘ದೀಕ್ಷಾಬದ್ಧ’ ಮೂರೂ ಬೇಡ. ಕನ್ನಡದಲ್ಲಿ ‘ಒಕ್ಕಲು’ ಇದೆ, ಅದನ್ನೇ ಹಾಕಿ.

‘ಒಕ್ಕಲ್’ ಎಂದರೆ ಮನೆ, ಬೀಡು. ಅದರಿಂದಲೇ ಮನೆಯವರು ಎಂಬ ಅರ್ಥವೂ ಬಂದಿದೆ. ತಮಿಳಿನಲ್ಲಿ ಇದೇ ಪದಕ್ಕೆ ನೆಂಟರಿಷ್ಟರು ಎಂಬ ಅರ್ಥವಿದೆ. ಗೇಣಿದಾರ, ಬೇಸಾಯಗಾರ ಎಂಬ ಅರ್ಥಗಳನ್ನಷ್ಟೇ ಹಿಡಿದುಕೊಂಡು ಮೂಲವನ್ನು ಮರೆತವರಿಗೆ ಈ ಪದ ಇಲ್ಲಿ ಹೊಂದುವುದಿಲ್ಲವೆಂದು ತೋರಬಹುದು; ಆದರೆ ಮಾದಪ್ಪನ ಒಕ್ಕಲು, ಮಂಟೇಸ್ವಾಮಿಯ ಒಕ್ಕಲು ಎಂದು ಹೇಳಿಕೊಳ್ಳುವ ಮನೆಗಳು ಚಾಮರಾಜನಗರ, ಮಂಡ್ಯ ಸೀಮೆಯಲ್ಲಿ ಇಂದಿಗೂ ಇವೆ. ಹೈಟಿಯವರ ಕಲ್ಪನೆಯೂ ಇದೇ. ಗುಡಿಯ ಯಜಮಾನ ‘ಪಾಪಾ’, ಯಜಮಾನಿ ‘ಮಾಮಾನ್’, ಅವರ ಆಸರೆಯಲ್ಲಿರುವವರು ‘ಪಿತಿತ್ ಫೆಯ್’, ಅಂದರೆ ಎಲೆಯ ಮಕ್ಕಳು. ದೇವರ ಹೆಸರಿನಲ್ಲಿ ಕಟ್ಟಿಕೊಂಡ ಮನೆತನವನ್ನು ಕನ್ನಡಿಗರು ಇನ್ನೇನೆಂದು ಕರೆಯುತ್ತಾರೆ?

‘ಉನ್ಸಿ’ಗೆ ‘ಗುಡ್ಡ’, ‘ಗುಡ್ಡಿ’ ಬಳಸಿ. ಶ್ರವಣಬೆಳಗೊಳದ ಶಾಸನಗಳಲ್ಲಿ ಗೃಹಸ್ಥ ಶಿಷ್ಯ, ಶಿಷ್ಯೆಯರಿಗೆ ಇರುವ ಪದಗಳಿವು. ಕಂಸಾಳೆ ಹಿಡಿದ ದೇವರಗುಡ್ಡರಲ್ಲಿ ಅದು ಇನ್ನೂ ಜೀವಂತವಾಗಿದೆ. ಹೊರಗಿನ ಪದ ತಂದು ಕಂಸದಲ್ಲಿ ಅರ್ಥ ಬರೆಯುವ ಚಾಳಿಯನ್ನು ಫಲಕದ ಮೇಲಾದರೂ ಬಿಡಬೇಕು.

ಎರಡನೆಯ ಉತ್ತರ

‘ಗುಡ್ಡ’ ಸಲ್ಲದು. ಫಲಕ ಓದುವವನು ಬೆಟ್ಟಗುಡ್ಡವನ್ನಲ್ಲದೆ ಬೇರೇನನ್ನೂ ನೆನೆಯುವುದಿಲ್ಲ.

‘ಉನ್ಸಿ’ಯನ್ನು ಅನುವಾದಿಸಲೇಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಅದು ಇಂದಿನ ಬೆನಿನ್ ದೇಶದ, ಅಂದಿನ ದಾಹೊಮೆ ರಾಜ್ಯದ, ಫೊನ್ ನುಡಿಯಿಂದ ಹಡಗುಗಳಲ್ಲಿ ಸಾಗಿಸಲ್ಪಟ್ಟ ಗುಲಾಮರೊಂದಿಗೆ ಬಂದ ಪದ. ‘ಹುನ್’ ಎಂದರೆ ದೈವ, ‘ಸಿ’ ಎಂದರೆ ಮಡದಿ. ಆದರೂ ಗಂಡಸರೂ ಉನ್ಸಿಗಳಾಗುತ್ತಾರೆ, ಹೆಂಗಸರ ಸಂಖ್ಯೆ ಹೆಚ್ಚು ಅಷ್ಟೆ. ‘ದೇವರ ಮಡದಿ’ ಎಂದು ಬರೆದರೆ ನಮ್ಮ ಓದುಗರ ಮನಸ್ಸು ನೇರವಾಗಿ ದೇವದಾಸಿ ಪದ್ಧತಿಗೆ ಹೋಗುತ್ತದೆ. ಅದು ಆ ಜನರಿಗೆ ಮಾಡುವ ಅನ್ಯಾಯ. ಉನ್ಸಿಗಳಲ್ಲೂ ಮೆಟ್ಟಿಲುಗಳಿವೆ. ಗುಡಿಯ ಒಳಕೋಣೆಯಲ್ಲಿ ಕೆಲವು ದಿನ ಏಕಾಂತದಲ್ಲಿದ್ದು, ಬೆಂಕಿಯ ವಿಧಿಯನ್ನು ದಾಟಿ ಬಂದವರು ‘ಉನ್ಸಿ ಕಾಂಜೊ’. ಇನ್ನೂ ದಾಟದವರು ‘ಉನ್ಸಿ ಬೊಸಾಲ್’. ಈ ‘ಬೊಸಾಲ್’ ಸ್ಪ್ಯಾನಿಷ್ ಮೂಲದ್ದು. ಆಫ್ರಿಕಾದಿಂದ ಆಗಷ್ಟೇ ತಂದಿಳಿಸಿದ, ಒಡೆಯರ ನುಡಿ ಬಾರದ ಗುಲಾಮನನ್ನು ಹಾಗೆ ಕರೆಯುತ್ತಿದ್ದರು. ಒಡೆಯರು ಹೀನಾರ್ಥದಲ್ಲಿ ಬಳಸಿದ ಪದವನ್ನೇ ಗುಡಿಯವರು ತಮ್ಮ ಮೊದಲ ಮೆಟ್ಟಿಲಿನ ಹೆಸರಾಗಿ ಮಾಡಿಕೊಂಡರು. ‘ಸೊಸಿಯೆತೆ’ ಫ್ರೆಂಚಿನದು, ‘ಉನ್ಸಿ’ ಫೊನ್‌ನದು, ‘ಬೊಸಾಲ್’ ಸ್ಪೇನಿನದು. ಎರವಲು ಪದಗಳಿಂದಲೇ ತನ್ನ ಶ್ರೇಣಿಯನ್ನು ಕಟ್ಟಿಕೊಂಡ ಸಮುದಾಯವನ್ನು ಅಚ್ಚಗನ್ನಡಕ್ಕೆ ಇಳಿಸಿದರೆ ಅದರ ಚರಿತ್ರೆಯೇ ಅಳಿಸಿಹೋಗುತ್ತದೆ.

‘ಒಕ್ಕಲು’ ಕೂಡ ನನಗೆ ಒಪ್ಪಿಗೆಯಿಲ್ಲ. ಅದು ತಲೆಮಾರಿನಿಂದ ಬರುವ ಸಂಬಂಧ. ಹೈಟಿಯ ಗೊನಾಯಿವ್ ಪಟ್ಟಣದ ಬಳಿಯ ಸುವೆನಾನ್ಸ್, ಸುಕ್ರಿಯಂಥ ‘ಲಾಕು’ಗಳಿಗೆ, ಅಂದರೆ ಒಂದೇ ಅಂಗಳದ ಸುತ್ತ ವಂಶ ಬೆಳೆದ ನೆಲೆಗಳಿಗೆ, ಆ ಪದ ಹೊಂದೀತು. ರಾಜಧಾನಿಯ ಸೊಸಿಯೆತೆ ಹಾಗಲ್ಲ. ಹಳ್ಳಿ ಬಿಟ್ಟು ಬಂದು ನೆಂಟರಿಲ್ಲದವರು, ಸಂತೆಯಲ್ಲಿ ಮಾರುವ ಹೆಂಗಸರು, ಕಾಯಿಲೆಗೆ ಮದ್ದು ಕೇಳಲು ಬಂದು ಅಲ್ಲಿಯೇ ಉಳಿದವರು, ವಿದೇಶದಲ್ಲಿ ದುಡಿಯುವವರು, ಎಜಿಲಿ ದಾಂತೊ ಎಂಬ ದೈವ ತಮ್ಮನ್ನು ಕಾಯುತ್ತಾಳೆಂದು ನಂಬಿ ಅಡಗದೆ ಬದುಕುವ ಸಲಿಂಗಪ್ರೇಮಿ ಹೆಂಗಸರು ಅಲ್ಲಿ ಒಂದೇ ನಡುಗಂಬದ ಸುತ್ತ ಕುಣಿಯುತ್ತಾರೆ. ಇವರನ್ನು ಕೂಡಿಸಿದ್ದು ಹುಟ್ಟಲ್ಲ.

ಇನ್ನೊಂದು ಮಾತು: ಫಲಕದಲ್ಲಿ ಎಲ್ಲಿಯೂ ‘ಮಾಟ’ ಎಂಬ ಪದ ನುಸುಳದಿರಲಿ. 1935ರ ಕಾನೂನು ಇವರ ಆಚರಣೆಗಳನ್ನು ಮೂಢನಂಬಿಕೆಯೆಂದು ನಿಷೇಧಿಸಿತ್ತು. 2003ರಲ್ಲಿ ಸರ್ಕಾರವು ವೊಡೂವನ್ನು ಧರ್ಮವೆಂದು ಮಾನ್ಯ ಮಾಡಿದೆ. ‘ಧರ್ಮ’ ಎಂದೇ ಬರೆಯಿರಿ.

ಮೊದಲ ಉತ್ತರ ಬರೆದವರಿಂದ

‘ಒಕ್ಕಲು’ ಹುಟ್ಟಿನಿಂದಷ್ಟೇ ಬರುತ್ತದೆ ಎನ್ನುವುದು ತಪ್ಪು. ಮಂಟೇಸ್ವಾಮಿ ಪರಂಪರೆಯ ಹಾಡುಗಳಲ್ಲಿ ಆತನ ಶಿಷ್ಯ ಸಿದ್ದಪ್ಪಾಜಿಯು ಕಬ್ಬಿಣದ ಭಿಕ್ಷೆಗೆ ಹೋಗುವುದು ತನ್ನವರಲ್ಲದ, ತನ್ನನ್ನು ಒಪ್ಪದ ಹಲಗೂರಿನ ಪಾಂಚಾಳರ ಬಳಿಗೆ; ಕೊನೆಗೆ ಅವರನ್ನೇ ಒಕ್ಕಲು ಮಾಡಿಕೊಳ್ಳುತ್ತಾನೆ. ‘ಒಕ್ಕಲಾಗು’, ‘ಒಕ್ಕಲು ಮಾಡಿಕೊ’ ಎಂಬ ಕ್ರಿಯಾಪದಗಳು ಇರುವುದೇ ಹೊರಗಿನವರು ಒಳಗೆ ಬರುವುದನ್ನು ಹೇಳಲು. ‘ಗುಡ್ಡ’ವನ್ನು ಬಿಡುತ್ತೇನೆ; ‘ಒಕ್ಕಲ’ನ್ನು ಬಿಡುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ವಂದನೆಗಳು. ‘ಒಕ್ಕಲು’ ಎಂದು ನಾಮಪದವಾಗಿ ಬರೆದರೆ ಬೆಂಗಳೂರಿನ ಓದುಗರು ಜಾತಿಯ ಹೆಸರೆಂದು ತಿಳಿಯುವ ಅಪಾಯವಿರುವುದರಿಂದ ಕ್ರಿಯಾಪದವನ್ನು ಮಾತ್ರ ಉಳಿಸಿಕೊಂಡು, ‘ಉನ್ಸಿ’ಯನ್ನು ಹಾಗೆಯೇ ಬಿಟ್ಟು, ಹೀಗೆ ಬರೆದು ಕಳುಹಿಸುತ್ತಿದ್ದೇನೆ:

“ಈ ವೊಡೂ ಗುಡಿಗೆ ಒಕ್ಕಲಾದವರಲ್ಲಿ ಹಲವು ಬಗೆಯವರಿದ್ದಾರೆ. ಬಿಳಿಯುಟ್ಟವರು ದೀಕ್ಷೆಯ ಹಾದಿಯಲ್ಲಿರುವ ಉನ್ಸಿಗಳು; ಕತ್ತಿ ಹಿಡಿದವನು ವಿಧಿಯನ್ನು ನಡೆಸುವ ಲಾಪ್ಲಾಸ್; ಬೆಂಚಿನ ಮೇಲಿರುವವರು ದೀಕ್ಷೆಯಿಲ್ಲದೆಯೂ ಈ ಮನೆಯ ಮಕ್ಕಳೆನಿಸಿಕೊಂಡವರು ಮತ್ತು ಅವರ ನೆಂಟರು, ನೆರೆಯವರು.”