ಮೈದಾ ಅಂಟಿಗೆ ಮೈಲುತುತ್ತ ಹಾಕಬಹುದೇ?

ಕೇಳಿದವರು, ತೀರ್ಥಹಳ್ಳಿ ಕಡೆ:
ಅಜ್ಜನ ಕಾಲದ ಅಡಿಕೆ ಲೆಕ್ಕದ ಪುಸ್ತಕಗಳ ಹರಿದ ಹಾಳೆಗಳಿಗೆ ತೆಳು ಕಾಗದ ಅಂಟಿಸುತ್ತಿದ್ದೇನೆ. ಮೈದಾ ಅಂಟು ಮರುದಿನವೇ ಹುಳಿ ವಾಸನೆ ಹೊಡೆಯುತ್ತದೆ, ಆಮೇಲೆ ಬೂಷ್ಟು. ತೋಟಕ್ಕೆ ತಂದ ಮೈಲುತುತ್ತ (ತಾಮ್ರದ ಸಲ್ಫೇಟ್) ಮನೆಯಲ್ಲಿದೆ. ಚಿಟಿಕೆ ಬೆರೆಸಲೇ, ಲವಂಗದ ಎಣ್ಣೆ ಸಾಕೇ? ಅನುಭವವಿದ್ದವರು ತಿಳಿಸಿ.

ಬೈಂಡಿಂಗ್ ಕೆಲಸದವರು, ಹುಬ್ಬಳ್ಳಿ:
ನಮ್ಮ ತಂದೆಯ ಕಾಲದಿಂದಲೂ ಮೈದಾ ಕುದಿಯುವಾಗ ಮೈಲುತುತ್ತ ಬೀಳುತ್ತದೆ. ಜಿರಳೆ ರಟ್ಟಿನ ಹತ್ತಿರ ಸುಳಿಯುವುದಿಲ್ಲ. ಕಚೇರಿ ರಿಜಿಸ್ಟರಿಗೆ ನಾನು ಅದನ್ನು ಬಿಡುವವನಲ್ಲ. ಅಜ್ಜನ ಹಾಳೆಗೆ ಹಾಕಿ ಎಂದು ಮಾತ್ರ ಹೇಳಲಾರೆ. ಅಡುಗೆ ಪಾತ್ರೆಯಲ್ಲಂತೂ ಕಲಸಲೇಬೇಡಿ, ಅದು ವಿಷ.

ಹಸ್ತಪ್ರತಿ ಸಂರಕ್ಷಣೆಯಲ್ಲಿರುವವರು, ಮೈಸೂರು:
ಬೈಂಡರ್ ಅಣ್ಣನ ಮಾತನ್ನು ರಿಜಿಸ್ಟರ್ ರಟ್ಟಿನ ಮಟ್ಟಿಗೆ ಒಪ್ಪೋಣ. ಬರಹವಿರುವ ಹಾಳೆಗೆ ಮೈಲುತುತ್ತ ಬೇಡವೇ ಬೇಡ. ಅದರಲ್ಲಿರುವ ತಾಮ್ರದ ಅಂಶ ಕಾಗದದ ನಾರಿನ ಉತ್ಕರ್ಷಣೆಯನ್ನು, ಅಂದರೆ ಆಮ್ಲಜನಕ ತಾಗಿ ನಾರು ಹಾಳಾಗುವುದನ್ನು, ಚುರುಕುಗೊಳಿಸುತ್ತದೆ. ಹಳೆಯ ನಕ್ಷೆಗಳಲ್ಲಿ ತಾಮ್ರದ ಹಸಿರು ಬಳಿದ ಜಾಗ ಕಂದಾಗಿ ಮುರಿದು ಉದುರುವುದು ಇದರಿಂದಲೇ. ಅಡಿಕೆ ಗೊನೆಗೆ ಹೊಡೆದ ಬೋರ್ಡೋ ದ್ರಾವಣವಾದರೆ (ಮೈಲುತುತ್ತಕ್ಕೆ ಸುಣ್ಣ ಬೆರೆಸಿದ್ದು) ಮಳೆಗೆ ತೊಳೆದು ಹೋದೀತು, ಹಾಳೆಯೊಳಗೆ ಸೇರಿದ ತಾಮ್ರ ಅಲ್ಲೇ ಉಳಿಯುತ್ತದೆ. ಆಲಂ (ಪಟಿಕ) ಕೂಡ ಬೇಡ, ಅದು ಆಮ್ಲೀಯ.

ಲವಂಗದ ಎಣ್ಣೆ, ಥೈಮಾಲ್ (ಓಮದ ಸತ್ವ) ಎರಡೂ ಆವಿಯಾಗಿ ಹೋಗುವಂಥವು. ಡಬ್ಬಿಯ ಅಂಟನ್ನು ಕೆಲವು ದಿನ ಕಾದಾವು, ಒಣಗಿದ ಹಾಳೆಯನ್ನು ಕಾಯಲಾರವು. ಹಿಂದೆ ನಮ್ಮ ದಫ್ತರಖಾನೆಗಳ ಅಂಟಿಗೆ ಲವಂಗದ ಎಣ್ಣೆಯ ಜೊತೆ ಬೇರಿಯಂ ಕಾರ್ಬೊನೇಟನ್ನೂ ಬೆರೆಸುವ ಕ್ರಮವಿತ್ತು. ಅದು ಇಲಿ ಪಾಷಾಣ! ಬೆರಳಿಗೆ ಎಂಜಲು ತಾಗಿಸಿ ಪುಟ ತಿರುವುವ ನಾಡಿನಲ್ಲಿ ಇದೆಂಥ ಧೈರ್ಯವೋ.

ನಾವು ಈಗ ಯಾವ ಔಷಧಿಯನ್ನೂ ಹಾಕುವುದಿಲ್ಲ. ಮೈದಾದಲ್ಲಿರುವ ಗ್ಲುಟನ್ ಎಂಬ ಪ್ರೋಟೀನ್ ತೆಗೆದು ಬರೀ ಪಿಷ್ಟ ಬಳಸುತ್ತೇವೆ. ಗೋಧಿ ಹಲ್ವಕ್ಕೆ ಹಾಲು ತೆಗೆಯುವ ಹಾಗೆ ಹಿಟ್ಟಿನ ಮುದ್ದೆಯನ್ನು ನೀರಿನಲ್ಲಿ ಹಿಚುಕಿ, ತಳದಲ್ಲಿ ನಿಂತದ್ದನ್ನು ಒಣಗಿಸಿಟ್ಟುಕೊಳ್ಳಿ. ಒಂದು ಪಾಲಿಗೆ ಐದು ಪಾಲು ಶುದ್ಧ ನೀರು ಸೇರಿಸಿ, ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕೈಬಿಡದೆ ತಿರುವಿ, ಆರಿದ ಮೇಲೆ ಜರಡಿ ಹಿಡಿಯಿರಿ. ಎರಡು ಮೂರು ದಿನಕ್ಕೆ ಬೇಕಾದಷ್ಟನ್ನೇ ಮಾಡಿ ಫ್ರಿಜ್ಜಿನಲ್ಲಿಡಿ. ವಾಸನೆ ಬಂದರೆ ಚೆಲ್ಲಿ. ಪಿಷ್ಟವೇನು ಚಿನ್ನವಲ್ಲ.

ಇಂಗ್ಲೆಂಡಿನಲ್ಲಿರುವ ಕನ್ನಡಿಗರು:
ಮೀಥೈಲ್ ಸೆಲ್ಯುಲೋಸ್ (ಸಸ್ಯದ ನಾರಿನಿಂದ ತಯಾರಿಸಿದ ಅಂಟು) ಪುಡಿ ಸಿಕ್ಕರೆ ನೋಡಿ. ಬೂಷ್ಟಿಗೂ ಹುಳುಗಳಿಗೂ ಪಿಷ್ಟದಷ್ಟು ರುಚಿಸುವುದಿಲ್ಲ, ಫ್ರಿಜ್ ಇಲ್ಲದೆಯೂ ವಾರಗಟ್ಟಲೆ ಇರುತ್ತದೆ. ಹಿಡಿತ ಮಾತ್ರ ಕಡಿಮೆ. ತಣ್ಣೀರಿನಲ್ಲಿ ಕರಗುವ ಪುಡಿ ಇದು, ಆದರೂ ಮೊದಲು ಸ್ವಲ್ಪ ಬಿಸಿನೀರಿನಲ್ಲಿ ಕದಡಿ ಆಮೇಲೆ ತಣ್ಣೀರು ಸುರಿದರೆ ಗಂಟು ಕಟ್ಟುವುದಿಲ್ಲ. ವಾಲ್‌ಪೇಪರ್ ಅಂಟಿನ ಪೊಟ್ಟಣಗಳಲ್ಲೂ ಇದೇ ಜಾತಿಯ ಪುಡಿ ಇರುವುದುಂಟು, ಆದರೆ ಇಲ್ಲಿಯ ಹಲವು ಪೊಟ್ಟಣಗಳಲ್ಲಿ ಶಿಲೀಂಧ್ರನಾಶಕ ಸೇರಿಸಿರುತ್ತಾರೆ. ಅದನ್ನು ಕೊಳ್ಳಬೇಡಿ.

ಉಡುಪಿಯಿಂದ:
ಔಷಧಿಯ ಮಾತು ಬಿಡಿ ಮಾರಾಯರೇ, ಆಷಾಢದಲ್ಲಿ ಅಂಟಿನ ಕೆಲಸ ಹಿಡಿಯುವುದೇ ಬೇಡ. ಗಾಳಿಯ ತೇವಾಂಶ ಶೇಕಡಾ 65 ದಾಟಿತೆಂದರೆ ಒಣ ಅಂಟಿನ ಮೇಲೂ ಬೂಷ್ಟು ಏಳುತ್ತದೆ. ದೀಪಾವಳಿ ಕಳೆಯಲಿ. ಆಗಲೂ ಅಂಟನ್ನು ತೆಳುವಾಗಿ ಬಳಿದು, ಹಾಳೆಯನ್ನು ಬ್ಲಾಟಿಂಗ್ ಕಾಗದಗಳ ನಡುವೆ ಭಾರದಡಿ ಇಡಿ. ಮೊದಲ ಬ್ಲಾಟಿಂಗ್ ಕಾಗದವನ್ನು ಹತ್ತು ನಿಮಿಷದೊಳಗೇ ಬದಲಿಸಿ, ಆಮೇಲಿನದಕ್ಕೆ ಅಷ್ಟು ಅವಸರವಿಲ್ಲ.