ಸಹಾಯ ಬೇಕು: ತಂಗಿಯ ಹೆರಿಗೆ ದಾಖಲೆ ಪಡೆಯುವುದು ಹೇಗೆ?

ನಾವು ಯಾದಗಿರಿ ಕಡೆಯವರು. ಹೋದ ತಿಂಗಳು ನನ್ನ ತಂಗಿಗೆ ಹೆರಿಗೆ ಆಯ್ತು. ಕೂಸಿನ ಎದೆಬಡಿತ ಕಡಿಮೆಯಾಗಿದೆ ಅಂತ ನರ್ಸ್ ರಾತ್ರಿಯೇ ಹೇಳಿದ್ದರು. ಡಾಕ್ಟರ್ ಬಂದದ್ದು ಬೆಳಗಿನ ಜಾವ. ಕೂಸು ಅಳಲೇ ಇಲ್ಲ. ಕಲಬುರಗಿಗೆ ಒಯ್ಯುವಷ್ಟರಲ್ಲಿ ಫಿಟ್ಸ್ ಶುರುವಾಗಿತ್ತು. ಆಮ್ಲಜನಕ ಸಿಗದೆ ಮೆದುಳಿಗೆ ಪೆಟ್ಟಾಗಿದೆ, ಎಚ್‌ಐಇ ಅಂದರು. ಮೈ ತಂಪು ಮಾಡುವ ಚಿಕಿತ್ಸೆಯನ್ನು ಹುಟ್ಟಿದ 6 ಗಂಟೆಯೊಳಗೆ ಶುರು ಮಾಡಬೇಕಂತೆ. ನಾವು ತಲುಪಿದಾಗ ಆ ಹೊತ್ತು ಮೀರಿತ್ತು. ತಂಗಿ ಅದನ್ನೇ ನೆನೆದು ಅಳುತ್ತಾಳೆ.

ಸುಮ್ನೆ ಯಾರ ಮೇಲೂ ತಪ್ಪು ಹೊರಿಸುವ ಮನಸ್ಸಿಲ್ಲ. ಆದರೆ ಆ ರಾತ್ರಿ ಏನಾಯ್ತು ಅಂತ ಗೊತ್ತಾಗಬೇಕು, ಅಲ್ವಾ? ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂಬ ನಿಯಮವಿದೆ. ಬರೆದು ಕೊಟ್ಟು ವಾರವಾಯ್ತು, ಕೇಸ್ ಶೀಟ್ ಸಿಕ್ಕಿಲ್ಲ. ಯಾರಿಗೆ ದೂರು ಕೊಡಬೇಕು? ಕಲಬುರಗಿಯಲ್ಲಿ ಇಂಥ ಕೂಸುಗಳಿಗೆ ಫಿಸಿಯೋಥೆರಪಿ ಮಾಡುವವರು ಗೊತ್ತಿದ್ದರೆ ಅದನ್ನು ಮೊದಲು ಹೇಳಿ.